ರೂಲ್ ಬರೆದಾಯ್ತು, ತಪ್ಪು ಮಾತ್ರ ಸಿಗ್ತಿಲ್ಲ: ಸ್ಕೀಮಾಟ್ರಾನ್ ದೋಷ ಹುಡುಕುವ ಕೈಪಿಡಿ

ಎಕ್ಸ್‌ಎಂಎಲ್ ಡಾಕ್ಯುಮೆಂಟ್, ಅಂದರೆ ಟ್ಯಾಗ್‌ಗಳಲ್ಲಿ ಬರೆದ ಡೇಟಾ, ನಮ್ಮ ನಿಯಮಗಳನ್ನು ಪಾಲಿಸುತ್ತಿದೆಯಾ ಅಂತ ಪರೀಕ್ಷೆ ಮಾಡುವ ಚಿಕ್ಕ ಭಾಷೆ ಸ್ಕೀಮಾಟ್ರಾನ್. ಅದರಲ್ಲಿ ತಲೆನೋವಿನ ಲಕ್ಷಣ ಹೀಗಿರುತ್ತದೆ. ಬಿಲ್‌ನ ಒಂದು ಸಾಲಿನಲ್ಲಿ ಮೊತ್ತ ಸೊನ್ನೆ ಇದೆ. ಕಣ್ಣಿಗೇ ಕಾಣುತ್ತಿದೆ. ಮೊತ್ತ ಸೊನ್ನೆಗಿಂತ ಜಾಸ್ತಿ ಇರಲೇಬೇಕು ಅಂತ ರೂಲ್ ಕೂಡ ಬರೆದಿದ್ದೀರಿ. ವ್ಯಾಲಿಡೇಟರ್ ಓಡಿಸಿದರೆ ಎಲ್ಲ ಸರಿಯಿದೆ ಅನ್ನುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ಕೆಂಪು ಅಕ್ಷರದಲ್ಲಿ ಎರರ್ ಬಂದರೆ ಅದನ್ನು ಹಿಡಿದು ಹುಡುಕಬಹುದು. ಇಲ್ಲಿ ಹಿಡಿಯೋಕೆ ಏನೂ ಇಲ್ಲ. ಯಾಕೆಂದರೆ ಸ್ಕೀಮಾಟ್ರಾನ್ ಸುಮ್ಮನಿದ್ದರೆ ಅದಕ್ಕೆ ಎರಡು ಅರ್ಥ: ರೂಲ್ ಓಡಿತು, ಡಾಕ್ಯುಮೆಂಟ್ ಪಾಸಾಯಿತು. ಅಥವಾ ರೂಲ್ ಓಡಲೇ ಇಲ್ಲ. ಎರಡಕ್ಕೂ ಪರದೆ ಮೇಲೆ ಕಾಣೋದು ಒಂದೇ. ಇವುಗಳಲ್ಲಿ ಯಾವುದು ಅಂತ ಮೊದಲು ತೀರ್ಮಾನ ಮಾಡಿಕೊಳ್ಳಿ. ಅದಾಗೋವರೆಗೂ ಟೆಸ್ಟ್ ಬರಹವನ್ನು ಮುಟ್ಟಬೇಡಿ.

ಹೊಸಬರಿಗೆ ಎರಡು ಮಾತು. ಎಕ್ಸ್‌ಎಂಎಲ್ ಪರೀಕ್ಷೆಗೆ ಇರುವ ಬೇರೆ ಭಾಷೆಗಳಾದ ಡಿಟಿಡಿ, ಎಕ್ಸ್‌ಎಸ್‌ಡಿ ಇವೆಲ್ಲ ವ್ಯಾಕರಣದ ಥರ. ಯಾವುದರ ಒಳಗೆ ಯಾವುದು ಬರಬೇಕು, ಯಾವ ಕ್ರಮದಲ್ಲಿ ಬರಬೇಕು ಅಂತ ಹೇಳುತ್ತವೆ. 'ಒಟ್ಟು ಅನ್ನೋದು ಸಾಲುಗಳ ಮೊತ್ತಕ್ಕೆ ಸರಿಹೊಂದಬೇಕು' ಅನ್ನೋದನ್ನು ಡಿಟಿಡಿಯಲ್ಲಿ ಬರೆಯೋಕೆ ಆಗೋದೇ ಇಲ್ಲ. ಎಕ್ಸ್‌ಎಸ್‌ಡಿಗೂ ಆ ಶಕ್ತಿ ಬಂದದ್ದು 2012ರ 1.1 ಆವೃತ್ತಿಯಲ್ಲಿ. ರಿಕ್ ಜೆಲ್ಲಿಫ್ 1999ರಲ್ಲಿ ತೈವಾನ್‌ನ ಅಕಾಡೆಮಿಯಾ ಸಿನಿಕಾದಲ್ಲಿದ್ದಾಗ ಈ ಕೊರತೆ ತುಂಬೋಕೆ ಸ್ಕೀಮಾಟ್ರಾನ್ ಮಾಡಿದರು. 2006ರಲ್ಲಿ ಅದು ಐಎಸ್‌ಒ ಸ್ಟ್ಯಾಂಡರ್ಡ್ ಆಯಿತು, ನಂಬರ್ 19757-3. ಯುರೋಪಿನ ಇ-ಇನ್‌ವಾಯ್ಸ್ ಸ್ಟ್ಯಾಂಡರ್ಡ್ ಇಎನ್ 16931ರ ನಿಯಮಗಳನ್ನು ಇವತ್ತು ಪರೀಕ್ಷೆ ಮಾಡೋದು ಇದರಲ್ಲೇ.

ಭಾಷೆ ತುಂಬಾ ಚಿಕ್ಕದು. ದಿನಾ ಬೇಕಾಗೋದು ನಾಲ್ಕೇ ಪದ. ಪ್ಯಾಟರ್ನ್ ಅಂದರೆ ರೂಲ್‌ಗಳ ಗುಂಪು. ರೂಲ್‌ಗೆ ಒಂದು ಕಾಂಟೆಕ್ಸ್ಟ್ ಇರುತ್ತದೆ, ಅಂದರೆ ಡಾಕ್ಯುಮೆಂಟ್‌ನ ಯಾವ ಜಾಗದಲ್ಲಿ ನಿಂತು ನೋಡಬೇಕು ಅನ್ನೋದು. ಅದರೊಳಗೆ ಅಸರ್ಟ್ ಇದ್ದರೆ ಟೆಸ್ಟ್ ಸುಳ್ಳಾದಾಗ ಕೂಗುತ್ತದೆ. ರಿಪೋರ್ಟ್ ಇದ್ದರೆ ಟೆಸ್ಟ್ ನಿಜವಾದಾಗ ಕೂಗುತ್ತದೆ. ಟೆಸ್ಟ್ ಬರೆಯೋಕೆ ಸ್ವಂತ ಭಾಷೆ ಇಲ್ಲ, ಎಕ್ಸ್‌ಎಂಎಲ್ ಒಳಗಿನ ಜಾಗಗಳನ್ನು ಗುರುತಿಸುವ ಎಕ್ಸ್‌ಪಾತ್ ಅನ್ನೋ ಭಾಷೆಯನ್ನೇ ಎರವಲು ಪಡೆದಿದೆ. ಸಾಮಾನ್ಯವಾಗಿ ಇಡೀ ಸ್ಕೀಮಾವನ್ನು (ರೂಲ್‌ಗಳೆಲ್ಲ ಇರುವ ಫೈಲ್) ಎಕ್ಸ್‌ಎಸ್‌ಎಲ್‌ಟಿಗೆ, ಅಂದರೆ ಎಕ್ಸ್‌ಎಂಎಲ್ ಅನ್ನು ಬೇರೆ ರೂಪಕ್ಕೆ ತರುವ ಭಾಷೆಗೆ, ಬದಲಿಸಿ ಓಡಿಸುತ್ತಾರೆ. ಕೆಳಗೆ ಹೇಳುವ ಅರ್ಧ ತೊಂದರೆಗಳು ಈ ಎರವಲಿನ ಜೊತೆಗೇ ಬಂದವು.

ಇಡೀ ಬರಹಕ್ಕೆ ಈ ಪುಟ್ಟ ಬಿಲ್ ಸಾಕು. ಟ್ಯಾಗ್ ಹೆಸರು ಕನ್ನಡದಲ್ಲೇ ಇಟ್ಟಿದ್ದೇನೆ. ಎಕ್ಸ್‌ಎಂಎಲ್ ಇದನ್ನು 1998ರ ಮೊದಲ ಆವೃತ್ತಿಯಿಂದಲೂ ಒಪ್ಪುತ್ತದೆ.

<ಬಿಲ್>
  <ಸಾಲು ಬಗೆ="ಮಾಲು">
    <ಅಳತೆ>ಲೀಟರ್</ಅಳತೆ>
    <ಮೊತ್ತ>1.10</ಮೊತ್ತ>
  </ಸಾಲು>
  <ಸಾಲು>
    <ಮೊತ್ತ>2.20</ಮೊತ್ತ>
  </ಸಾಲು>
  <ಒಟ್ಟು>3.30</ಒಟ್ಟು>
</ಬಿಲ್>

ರೂಲ್ ಓಡಿತಾ, ಇಲ್ವಾ?

ಸ್ಕೀಮಾಟ್ರಾನ್ ಓಡಿದ ಮೇಲೆ ಎಸ್‌ವಿಆರ್‌ಎಲ್ ಅನ್ನೋ ರಿಪೋರ್ಟ್ ಫೈಲ್ ಸಿಗುತ್ತದೆ. ಎಡಿಟರ್‌ಗಳು ಇದನ್ನು ಮುಚ್ಚಿಟ್ಟು ಬರೀ ತಪ್ಪುಗಳ ಪಟ್ಟಿ ತೋರಿಸುತ್ತವೆ. ನಿಮಗೆ ಬೇಕಾಗಿರೋದು ಆ ಪೂರ್ತಿ ಫೈಲ್. ಅದರಲ್ಲಿ ಆಕ್ಟಿವ್-ಪ್ಯಾಟರ್ನ್, ಫೈರ್ಡ್-ರೂಲ್, ಫೇಲ್ಡ್-ಅಸರ್ಟ್ ಅನ್ನೋ ಎಲಿಮೆಂಟ್‌ಗಳು, ಅಂದರೆ ಟ್ಯಾಗ್ ಹಾಕಿದ ತುಣುಕುಗಳು, ಇರುತ್ತವೆ. ನಿಮ್ಮ ರೂಲ್‌ನ ಕಾಂಟೆಕ್ಸ್ಟ್ ಹೊತ್ತ ಫೈರ್ಡ್-ರೂಲ್ ಇದೆಯಾ ನೋಡಿ. ಇದ್ದರೆ ರೂಲ್ ಓಡಿದೆ, ಟೆಸ್ಟ್‌ನಲ್ಲಿ ಎಡವಟ್ಟಾಗಿದೆ. ಇಲ್ಲದಿದ್ದರೆ ಟೆಸ್ಟ್ ಎಷ್ಟು ತಿದ್ದಿದರೂ ಏನೂ ಬದಲಾಗೋದಿಲ್ಲ.

ಆ ಫೈಲ್ ಕೈಗೆ ಸಿಗದಿದ್ದರೆ ಇನ್ನೊಂದು ದಾರಿ ಇದೆ. ಅನುಮಾನ ಇರುವ ರೂಲ್ ಒಳಗೆ ಯಾವಾಗಲೂ ನಿಜವಾಗುವ ಒಂದು ರಿಪೋರ್ಟ್ ಹಾಕಿ. ಟೆಸ್ಟ್ ಜಾಗದಲ್ಲಿ ಟ್ರೂ() ಅಂತ ಬರೆದು, ಮೆಸೇಜ್‌ನಲ್ಲಿ 'ಇಲ್ಲಿಗೆ ಬಂದೆ' ಅಂತ ಹಾಕಿ, ಪಕ್ಕದಲ್ಲೇ ವ್ಯಾಲ್ಯೂ-ಆಫ್ ಕೊಟ್ಟು ಆ ನೋಡ್‌ನ (ರೂಲ್ ನಿಂತಿರುವ ಎಲಿಮೆಂಟ್ ಅಥವಾ ಅಟ್ರಿಬ್ಯೂಟ್) ಬೆಲೆಯನ್ನೂ ತೋರಿಸಿ. ಎಲ್ಲ ಮುಗಿದ ಮೇಲೆ ತೆಗೆಯೋಕೆ ಮರೀಬೇಡಿ, ಅಷ್ಟೇ.

ಓಡಲೇ ಇಲ್ಲ ಅಂದರೆ

ಒಂದೇ ಒಂದು ರೂಲ್ ಕೂಡ ಓಡದಿದ್ದರೆ ಮೊದಲ ಅನುಮಾನ ನೇಮ್‌ಸ್ಪೇಸ್ ಮೇಲೆ, ಅಂದರೆ ಟ್ಯಾಗ್ ಹೆಸರು ಯಾವ ಗುಂಪಿಗೆ ಸೇರಿದ್ದು ಅನ್ನೋ ಗುರುತಿನ ಮೇಲೆ. ಡಾಕ್ಯುಮೆಂಟ್‌ನ ತಲೆಯಲ್ಲಿ ಡೀಫಾಲ್ಟ್ ನೇಮ್‌ಸ್ಪೇಸ್ ಇದ್ದರೆ ಒಳಗಿನ ಟ್ಯಾಗ್‌ಗಳೆಲ್ಲ ಅದಕ್ಕೇ ಸೇರಿದವು. ನೋಡೋಕೆ ಮಾತ್ರ ಬರೀ 'ಸಾಲು' ಅಂತ ಕಾಣುತ್ತವೆ. ರೂಲ್‌ನಲ್ಲಿ ನೀವು ಪ್ರಿಫಿಕ್ಸ್ (ನೇಮ್‌ಸ್ಪೇಸ್ ಸೂಚಿಸೋಕೆ ಹೆಸರಿನ ಮುಂದೆ ಹಾಕುವ ಪದ) ಇಲ್ಲದೆ 'ಸಾಲು' ಅಂತ ಬರೆದರೆ ಎಕ್ಸ್‌ಪಾತ್ ಅದನ್ನು 'ಯಾವ ನೇಮ್‌ಸ್ಪೇಸ್‌ಗೂ ಸೇರದ ಸಾಲು' ಅಂತ ಓದುತ್ತದೆ. ಹೆಸರು ಒಂದೇ, ಆದರೆ ಅವು ಬೇರೆ ಬೇರೆ ಎಲಿಮೆಂಟ್. ಸ್ಕೀಮಾ ಫೈಲ್‌ನ ತಲೆಯಲ್ಲೂ ಅದೇ ಡೀಫಾಲ್ಟ್ ನೇಮ್‌ಸ್ಪೇಸ್ ಬರೆದರೆ ಸರಿಹೋಗುತ್ತೆ ಅಂತ ಅನ್ನಿಸಬಹುದು. ಹೋಗೋದಿಲ್ಲ. ಎನ್‌ಎಸ್ ಎಲಿಮೆಂಟ್ ಹಾಕಿ ಒಂದು ಪ್ರಿಫಿಕ್ಸ್ ಕಟ್ಟಬೇಕು, ಕಾಂಟೆಕ್ಸ್ಟ್ ಮತ್ತು ಟೆಸ್ಟ್ ಎರಡರಲ್ಲೂ ಅದನ್ನೇ ಬಳಸಬೇಕು. ಕಾಂಟೆಕ್ಸ್ಟ್‌ನಲ್ಲಿ ಹಾಕಿ ಟೆಸ್ಟ್‌ನಲ್ಲಿ ಬಿಟ್ಟರೆ ಇನ್ನೂ ಕಷ್ಟ. ರೂಲ್ ಓಡುತ್ತದೆ, ಆದರೆ ಟೆಸ್ಟ್‌ಗೆ ಏನೂ ಸಿಗೋದಿಲ್ಲ. ಅನುಮಾನ ಇದ್ದರೆ ಸ್ವಲ್ಪ ಹೊತ್ತಿಗೆ ಕಾಂಟೆಕ್ಸ್ಟ್ ಅನ್ನು *[ಲೋಕಲ್-ನೇಮ್()='ಸಾಲು'] ಅಂತ ಬದಲಿಸಿ ನೋಡಿ. ಆಗ ಓಡಿದರೆ ಕಾಯಿಲೆ ನೇಮ್‌ಸ್ಪೇಸ್‌ದೇ. (ಉದಾಹರಣೆಗಳಲ್ಲಿ ಫಂಕ್ಷನ್ ಹೆಸರನ್ನೂ ಸ್ಕೀಮಾಟ್ರಾನ್‌ನ ಸ್ವಂತ ಪದಗಳನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನಿಜವಾದ ಫೈಲ್‌ನಲ್ಲಿ ಅವು ಇಂಗ್ಲಿಷ್‌ನಲ್ಲೇ ಇರಬೇಕು.)

ಹೊಸದಾಗಿ ಬರೆದ ರೂಲ್ ಮಾತ್ರ ಓಡುತ್ತಿಲ್ಲ, ಹಳೆಯವೆಲ್ಲ ಓಡುತ್ತಿವೆ ಅಂದರೆ ಮೊದಲು ಕಂಪೈಲ್ ಆದ ಎಕ್ಸ್‌ಎಸ್‌ಎಲ್‌ಟಿ ಫೈಲ್‌ನ ಸಮಯ ನೋಡಿ. ತಿದ್ದಿದ್ದು ಸ್ಕೀಮಾ, ಓಡಿದ್ದು ನಿನ್ನೆಯ ಎಕ್ಸ್‌ಎಸ್‌ಎಲ್‌ಟಿ. ನಗಬೇಡಿ, ಇದು ದಿನನಿತ್ಯದ ಕತೆ. ಅದು ಸರಿಯಿದ್ದರೆ ಫೇಸ್ ನೋಡಿ. ಸ್ಕೀಮಾದಲ್ಲಿ ಫೇಸ್ ಕಟ್ಟಿ, ಅದರಲ್ಲಿ ಯಾವ ಪ್ಯಾಟರ್ನ್‌ಗಳು ಓಡಬೇಕು ಅಂತ ಪಟ್ಟಿ ಕೊಟ್ಟಿದ್ದರೆ, ಹೊಸ ಪ್ಯಾಟರ್ನ್ ತಾನಾಗಿ ಆ ಪಟ್ಟಿಗೆ ಸೇರೋದಿಲ್ಲ. ಆಕ್ಟಿವ್-ಪ್ಯಾಟರ್ನ್ ಪಟ್ಟಿಯಲ್ಲಿ ನಿಮ್ಮದು ಇಲ್ಲ ಅಂದರೆ ಇದೇ ಕಾರಣ.

ಈಗ ಎಲ್ಲಕ್ಕಿಂತ ಜಾಸ್ತಿ ತಲೆ ತಿನ್ನುವ ಕಾರಣಕ್ಕೆ ಬರೋಣ. ಈ ಪ್ಯಾಟರ್ನ್ ನೋಡಿ:

<ಪ್ಯಾಟರ್ನ್>
  <ರೂಲ್ ಕಾಂಟೆಕ್ಸ್ಟ್="ಸಾಲು">
    <ಅಸರ್ಟ್ ಟೆಸ್ಟ್="ಮೊತ್ತ">ಪ್ರತಿ ಸಾಲಿಗೂ ಮೊತ್ತ ಇರಬೇಕು.</ಅಸರ್ಟ್>
  </ರೂಲ್>
  <ರೂಲ್ ಕಾಂಟೆಕ್ಸ್ಟ್="ಸಾಲು[@ಬಗೆ='ಮಾಲು']">
    <ಅಸರ್ಟ್ ಟೆಸ್ಟ್="ಅಳತೆ">ಮಾಲಿನ ಸಾಲಿಗೆ ಅಳತೆ ಇರಬೇಕು.</ಅಸರ್ಟ್>
  </ರೂಲ್>
</ಪ್ಯಾಟರ್ನ್>

ಎರಡನೇ ರೂಲ್ ಯಾವತ್ತೂ ಓಡೋದಿಲ್ಲ. ಮಾಲಿನ ಸಾಲಿಗೆ ಅಳತೆ ಇಲ್ಲದಿದ್ದರೂ ಸದ್ದಿಲ್ಲ. ಒಂದು ಪ್ಯಾಟರ್ನ್ ಒಳಗೆ ಒಂದು ನೋಡ್‌ಗೆ ಒಂದೇ ರೂಲ್, ಮೇಲಿನಿಂದ ಕೆಳಗೆ ಬರುವಾಗ ಮೊದಲು ಹೊಂದಿದ್ದು. ಮಾಲಿನ ಸಾಲೂ ಸಾಲೇ ಅಲ್ವಾ? ಮೊದಲ ರೂಲ್ ಅದನ್ನು ಹಿಡಿದುಕೊಂಡಿತು, ಎರಡನೆಯದಕ್ಕೆ ಏನೂ ಉಳಿಯಲಿಲ್ಲ.

ಇದು ಬಗ್ ಅಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ. ಇದರಿಂದ 'ಹೀಗಿದ್ದರೆ ಇದು, ಇಲ್ಲದಿದ್ದರೆ ಅದು' ಅನ್ನೋದನ್ನು ಹೊಸ ಪದ ಇಲ್ಲದೆ ಬರೆಯಬಹುದು. ವಿಶೇಷ ಕೇಸ್ ಮೇಲೆ, ಸಾಮಾನ್ಯ ಕೇಸ್ ಕೆಳಗೆ. ಚೆನ್ನಾಗಿಯೇ ಇದೆ, ಗೊತ್ತಿದ್ದವರಿಗೆ. ಗೊತ್ತಿಲ್ಲದವರು ಎಲ್ಲ ರೂಲ್‌ಗಳೂ ಓಡುತ್ತವೆ ಅಂದುಕೊಂಡೇ ಬರೆಯುತ್ತಾರೆ. ಮೇಲಿನ ಉದಾಹರಣೆಯಲ್ಲಿ ಎರಡೂ ಪರೀಕ್ಷೆ ಬೇಕು. ಹಾಗಾಗಿ ಕ್ರಮ ಬದಲಿಸಿದರೂ ಸಾಲದು, ಆಗ ಮಾಲಿನ ಸಾಲಿನಲ್ಲಿ ಮೊತ್ತದ ಪರೀಕ್ಷೆ ತಪ್ಪಿಹೋಗುತ್ತದೆ. ಎರಡನ್ನೂ ಬೇರೆ ಬೇರೆ ಪ್ಯಾಟರ್ನ್‌ಗೆ ಹಾಕಿ. ನನ್ನ ಮಟ್ಟಿಗೆ ನಿಯಮ ಸರಳ: 'ಇಲ್ಲದಿದ್ದರೆ' ಬೇಕಾದಾಗ ಮಾತ್ರ ಒಂದೇ ಪ್ಯಾಟರ್ನ್, ಉಳಿದಂತೆ ಒಂದು ವಿಷಯಕ್ಕೆ ಒಂದು ಪ್ಯಾಟರ್ನ್. ಇಡೀ ಸ್ಕೀಮಾದಲ್ಲಿ ಒಂದೇ ಉದ್ದನೆಯ ಪ್ಯಾಟರ್ನ್ ಕಂಡರೆ ಒಳಗೆ ಸತ್ತ ರೂಲ್ ಇದೆ ಅಂತಲೇ ಎಣಿಸಿ ಹುಡುಕಿ.

ಕೊನೆಯದು, ಕಾಂಟೆಕ್ಸ್ಟ್ ತಪ್ಪಾದ ಜಾಗದಲ್ಲಿರೋದು. 'ಮೊತ್ತ ಇರಲೇಬೇಕು' ಅನ್ನೋ ರೂಲ್‌ಗೆ ಕಾಂಟೆಕ್ಸ್ಟ್ ಅಂತ ಮೊತ್ತವನ್ನೇ ಕೊಟ್ಟರೆ, ಮೊತ್ತ ಇಲ್ಲದ ಸಾಲಿನಲ್ಲಿ ನಿಲ್ಲೋಕೆ ಜಾಗವೇ ಇಲ್ಲ. ಇಲ್ಲದ್ದನ್ನು ಹುಡುಕುವಾಗ ಅದರ ತಾಯಿ ಎಲಿಮೆಂಟ್ ಮೇಲೆ ನಿಲ್ಲಬೇಕು. ಹಾಗೇ ಕಾಂಟೆಕ್ಸ್ಟ್ ಮುಂದೆ ಒಂಟಿ ಓರೆಗೆರೆ ಇದ್ದರೆ, ಅಂದರೆ '/ಸಾಲು' ಅಂತ ಇದ್ದರೆ, ಅದು ಡಾಕ್ಯುಮೆಂಟ್‌ನ ಬೇರು ಎಲಿಮೆಂಟ್‌ಗೆ ಮಾತ್ರ ಹೊಂದುತ್ತದೆ. ಬರೀ 'ಸಾಲು' ಅಂದರೆ ಸಾಕು, ಎಲ್ಲಿದ್ದರೂ ಸಿಗುತ್ತದೆ.

ಓಡಿತು, ಆದರೆ ತಪ್ಪು ಹಿಡಿಯಲಿಲ್ಲ

ಇಲ್ಲಿ ಎಕ್ಸ್‌ಪಾತ್‌ನ ಹೋಲಿಕೆಯ ಗುಣ ಗೊತ್ತಿರಬೇಕು. ಕಾಂಟೆಕ್ಸ್ಟ್ ಬಿಲ್, ಟೆಸ್ಟ್ ಹೀಗಿದೆ ಅಂದುಕೊಳ್ಳಿ:

ಸಾಲು/ಮೊತ್ತ > 0

ಓದಿದರೆ 'ಸಾಲುಗಳ ಮೊತ್ತ ಸೊನ್ನೆಗಿಂತ ಜಾಸ್ತಿ' ಅಂತ ಅನ್ನಿಸುತ್ತದೆ. ಎಕ್ಸ್‌ಪಾತ್ ಓದೋದು 'ಯಾವುದಾದರೂ ಒಂದು ಸಾಲಿನ ಮೊತ್ತ ಸೊನ್ನೆಗಿಂತ ಜಾಸ್ತಿ ಇದೆಯಾ' ಅಂತ. ಹತ್ತು ಸಾಲಿನಲ್ಲಿ ಒಂಬತ್ತು ಸೊನ್ನೆ ಇದ್ದರೂ ಪಾಸ್. ಮೊದಲಲ್ಲಿ ಹೇಳಿದ ಲಕ್ಷಣಕ್ಕೆ ಇದೂ ಒಂದು ಕಾರಣ. ಪರಿಹಾರ: ಕಾಂಟೆಕ್ಸ್ಟ್ ಅನ್ನು ಸಾಲಿಗೆ ಇಳಿಸಿ, ಟೆಸ್ಟ್‌ನಲ್ಲಿ ಬರೀ 'ಮೊತ್ತ > 0' ಅಂತ ಬರೆಯಿರಿ. ನಾಟ್(ಸಾಲು/ಮೊತ್ತ <= 0) ಅಂತ ತಿರುಗಿಸಿಯೂ ಬರೆಯಬಹುದು, ಆದರೆ ಅದರಲ್ಲಿ ಇನ್ನೊಂದು ಗುಂಡಿ ಇದೆ. ಎಕ್ಸ್‌ಪಾತ್ 1.0ರಲ್ಲಿ ಮೊತ್ತ ಖಾಲಿ ಇದ್ದರೆ ಅದರ ಸಂಖ್ಯೆ 'ಎನ್‌ಎಎನ್' ಆಗುತ್ತದೆ, ಅಂದರೆ ಸಂಖ್ಯೆಯೇ ಅಲ್ಲ. ಅದರ ಜೊತೆ ಮಾಡಿದ ಜಾಸ್ತಿ-ಕಮ್ಮಿ ಹೋಲಿಕೆ ಎಲ್ಲ ಸುಳ್ಳು. 'ಸೊನ್ನೆಗಿಂತ ಜಾಸ್ತಿ' ಸುಳ್ಳು, 'ಸೊನ್ನೆ ಅಥವಾ ಕಮ್ಮಿ' ಕೂಡ ಸುಳ್ಳು. ಸುಳ್ಳಿಗೆ ನಾಟ್ ಹಾಕಿದರೆ ನಿಜ, ಖಾಲಿ ಮೊತ್ತವೂ ಪಾಸ್.

ಅದಕ್ಕೇ ನಾನು ರಿಪೋರ್ಟ್‌ಗಿಂತ ಅಸರ್ಟ್ ಕಡೆ ವಾಲುತ್ತೇನೆ. 'ಮೊತ್ತ > 0' ಅನ್ನೋ ಅಸರ್ಟ್ ಕಸ ಬಂದರೂ ಕೂಗುತ್ತದೆ. 'ಮೊತ್ತ <= 0' ಅನ್ನೋ ರಿಪೋರ್ಟ್ ಕಸ ಬಂದಾಗ ಸುಮ್ಮನಾಗುತ್ತದೆ. ಎಕ್ಸ್‌ಪಾತ್ 2.0ರಲ್ಲಿ ಇದೇ ಹೋಲಿಕೆ ಎರರ್ ಕೊಟ್ಟು ಓಟವನ್ನೇ ನಿಲ್ಲಿಸುತ್ತದೆ. ಕಿರಿಕಿರಿ ಹೌದು, ಆದರೆ ಪ್ರಾಮಾಣಿಕ. ನಿಮ್ಮದು ಯಾವ ಆವೃತ್ತಿ ಅಂತ ತಿಳಿಯೋಕೆ ಸ್ಕೀಮಾದ ತಲೆಯಲ್ಲಿರುವ ಕ್ವೆರಿ-ಬೈಂಡಿಂಗ್ ನೋಡಿ. ಅದನ್ನು ಬರೆಯದೇ ಬಿಟ್ಟಿದ್ದರೆ ಮೊದಲ ಎಕ್ಸ್‌ಎಸ್‌ಎಲ್‌ಟಿ ಅಂತಲೇ ಲೆಕ್ಕ, ಅಂದರೆ ಎಕ್ಸ್‌ಪಾತ್ 1.0.

ಇನ್ನೊಂದು, @ಬಗೆ != 'ಮಾಲು'. ನಮ್ಮ ಎರಡನೇ ಸಾಲಿಗೆ ಬಗೆ ಅನ್ನೋ ಅಟ್ರಿಬ್ಯೂಟೇ ಇಲ್ಲ. ಹಾಗಾದರೆ ಅದು ಮಾಲಿಗೆ ಸಮ ಅಲ್ಲ, ಉತ್ತರ ನಿಜ ಬರಬೇಕಲ್ವಾ? ಬರೋದು ಸುಳ್ಳು. ಹೋಲಿಸೋಕೆ ಒಂದೂ ನೋಡ್ ಇಲ್ಲದಿದ್ದರೆ ಎಕ್ಸ್‌ಪಾತ್‌ನಲ್ಲಿ ಪಠ್ಯ ಅಥವಾ ಸಂಖ್ಯೆಯ ಜೊತೆಗಿನ ಯಾವ ಹೋಲಿಕೆಯೂ ನಿಜ ಆಗೋದಿಲ್ಲ. ನಾಟ್(@ಬಗೆ = 'ಮಾಲು') ಅಂತ ಬರೆದರೆ ನಿಜ ಬರುತ್ತದೆ. ಸ್ಕೀಮಾದಲ್ಲಿ != ಇರುವ ಜಾಗಗಳನ್ನೆಲ್ಲ ಒಮ್ಮೆ ಹುಡುಕಿ ನೋಡಿ. ಬಹುಪಾಲು ಕಡೆ ಬರೆದವರ ಮನಸ್ಸಿನಲ್ಲಿ ಇದ್ದದ್ದು ನಾಟ್.

ಸರಿಯಿರೋದನ್ನೇ ತಪ್ಪು ಅಂದರೆ

ಸರಿಯಾದ ಡಾಕ್ಯುಮೆಂಟ್‌ನ ಎಲ್ಲ ಸಾಲಿಗೂ ಎರರ್ ಬಂದರೆ ಅಸರ್ಟ್, ರಿಪೋರ್ಟ್ ಅದಲು ಬದಲಾಗಿರಬಹುದು, ಇಲ್ಲವೇ ಟೆಸ್ಟ್‌ನಲ್ಲಿ ಪ್ರಿಫಿಕ್ಸ್ ಬಿಟ್ಟುಹೋಗಿರಬಹುದು. ಅದು ಎರಡೇ ನಿಮಿಷದ ಕೆಲಸ.

ಕೆಲವು ಬಿಲ್‌ಗೆ ಮಾತ್ರ ಬಂದರೆ ಲೆಕ್ಕದ ಕಡೆ ನೋಡಿ. ಮೇಲಿನ ಬಿಲ್‌ನಲ್ಲಿ 1.10 ಮತ್ತು 2.20 ಸೇರಿದರೆ 3.30. ಮಗು ಕೂಡ ಹೇಳುತ್ತದೆ. ಆದರೆ ಒಟ್ಟು = ಸಮ್(ಸಾಲು/ಮೊತ್ತ) ಅನ್ನೋ ಟೆಸ್ಟ್ ಇಲ್ಲಿ ಸೋಲುತ್ತದೆ. ಎಕ್ಸ್‌ಪಾತ್ 1.0ರಲ್ಲಿ ಸಂಖ್ಯೆ ಅಂದರೆ ಡಬಲ್ ಫ್ಲೋಟಿಂಗ್ ಪಾಯಿಂಟ್, ಬಹಳಷ್ಟು ದಶಮಾಂಶಗಳನ್ನು ಅಂದಾಜಾಗಿ ಮಾತ್ರ ಹಿಡಿದಿಡುವ ರೂಪ. ಅದರಲ್ಲಿ ಈ ಎರಡು ಸೇರಿದರೆ 3.3000000000000003. ಸರಿ, ಬೈಂಡಿಂಗ್ ಅನ್ನು ಎಕ್ಸ್‌ಎಸ್‌ಎಲ್‌ಟಿ 2ಕ್ಕೆ ಏರಿಸೋಣ, ಅಲ್ಲಿ ದಶಮಾಂಶವನ್ನು ಇದ್ದ ಹಾಗೇ ಇಡುವ ಡೆಸಿಮಲ್ ಇದೆಯಲ್ಲ ಅಂತ ಅನ್ನಿಸುತ್ತದೆ. ಏರಿಸಿದ ಮೇಲೂ ಅದೇ ಎರರ್. ಯಾಕೆಂದರೆ ಟೈಪ್ ಗೊತ್ತಿಲ್ಲದ ಪಠ್ಯವನ್ನು ಸಮ್ ಅಲ್ಲೂ ಡಬಲ್ ಮಾಡಿಕೊಂಡೇ ಕೂಡಿಸುತ್ತದೆ. ಪ್ರತಿ ಮೊತ್ತವನ್ನೂ ಕೂಡಿಸುವ ಮೊದಲೇ ನಾವೇ ಡೆಸಿಮಲ್‌ಗೆ ಬದಲಿಸಬೇಕು, ಒಟ್ಟನ್ನೂ ಹಾಗೇ ಬದಲಿಸಿ ಹೋಲಿಸಬೇಕು. 1.0ರಲ್ಲೇ ಇರಬೇಕಾದ ಅನಿವಾರ್ಯ ಇದ್ದರೆ ಎರಡೂ ಕಡೆ ನೂರರಿಂದ ಗುಣಿಸಿ, ರೌಂಡ್ ಮಾಡಿ, ಪೈಸೆಯಲ್ಲಿ ಹೋಲಿಸಿ.

ಕನ್ನಡ ಡೇಟಾ ಇದ್ದರೆ ಇದನ್ನೂ ನೋಡಿ

ಅಳತೆ 'ಲೀಟರ್' ಆಗಿರಬೇಕು ಅಂತ ರೂಲ್. ಡಾಕ್ಯುಮೆಂಟ್‌ನಲ್ಲಿ 'ಲೀಟರ್' ಅಂತಲೇ ಇದೆ. ಆದರೂ ಎರರ್. ಪರದೆ ನೋಡಿ ಪ್ರಯೋಜನ ಇಲ್ಲ, ಉದ್ದ ಅಳೆಯಿರಿ. ಸ್ಟ್ರಿಂಗ್-ಲೆಂತ್(ಅಳತೆ) ಎಷ್ಟು ಬರುತ್ತೆ ಅಂತ ಮೆಸೇಜ್‌ನಲ್ಲಿ ತೋರಿಸಿ. ಲ, ೀ, ಟ, ರ, ್ — ಐದು ಬರಬೇಕು. ಹೆಚ್ಚಿನ ಸ್ಪೇಸ್ ಇಲ್ಲದೆಯೂ ಆರು ಬಂದರೆ ಎರಡು ಸಾಧ್ಯತೆ.

ಒಂದು, ಕೊನೆಯಲ್ಲಿ ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್-ಜಾಯ್ನರ್ ಕೂತಿದೆ. 'ಲೀಟರ್‌ಗೆ' ಅಂತ ಬರೆಯುವಾಗ ರ್ ಮತ್ತು ಗೆ ಒತ್ತಕ್ಷರ ಆಗಬಾರದು ಅಂತ ಅದನ್ನು ಹಾಕುತ್ತೇವೆ. ಆಮೇಲೆ 'ಗೆ' ಅಳಿಸಿದರೆ ಅದು ಅಲ್ಲೇ ಉಳಿಯುತ್ತದೆ. ನಾರ್ಮಲೈಜ್-ಸ್ಪೇಸ್ ಇದನ್ನು ತೆಗೆಯೋದಿಲ್ಲ. ಅದಕ್ಕೆ ಗೊತ್ತಿರೋದು ಸ್ಪೇಸ್, ಟ್ಯಾಬ್ ಮತ್ತು ಎರಡು ಥರದ ಸಾಲು ಮುರಿಯುವ ಅಕ್ಷರ, ಅಷ್ಟೇ. ಟ್ರಾನ್ಸ್‌ಲೇಟ್ ಬಳಸಿ ನೀವೇ ತೆಗೆಯಬೇಕು. ಆದರೆ ಪದದ ನಡುವೆ ಇರೋದನ್ನು ಮೂಲ ಡಾಕ್ಯುಮೆಂಟ್‌ನಲ್ಲಿ ಅಳಿಸಬೇಡಿ, ಅಲ್ಲಿ ಅದಕ್ಕೆ ಕೆಲಸ ಇದೆ. ಹೋಲಿಸುವ ಹೊತ್ತಿಗೆ ಮಾತ್ರ ತೆಗೆದರೆ ಸಾಕು.

ಎರಡು, ೀ ಅನ್ನೋದು ಒಂದೇ ಕೋಡ್ ಆಗಿ ಬರೋ ಬದಲು ಿ ಮತ್ತು ೕ ಅಂತ ಎರಡಾಗಿ ಬಂದಿದೆ. ಯೂನಿಕೋಡ್ ಎರಡನ್ನೂ ಸಮ ಅನ್ನುತ್ತದೆ, ಎಕ್ಸ್‌ಪಾತ್‌ನ ಸಾಮಾನ್ಯ ಹೋಲಿಕೆ ಅನ್ನೋದಿಲ್ಲ. ೇ, ೈ, ೊ, ೋ ಇವಕ್ಕೂ ಇದೇ ಗತಿ. 2.0ರಲ್ಲಿ ನಾರ್ಮಲೈಜ್-ಯೂನಿಕೋಡ್ ಫಂಕ್ಷನ್ ಇದೆ, ಎರಡೂ ಕಡೆ ಹಾಕಿ. ಟ್ಯಾಗ್ ಹೆಸರೇ ಕನ್ನಡದಲ್ಲಿದ್ದರೆ ಅಲ್ಲೂ ಇದೇ ಆಗಬಹುದು. ಎಕ್ಸ್‌ಎಂಎಲ್ ಹೆಸರುಗಳನ್ನು ಕೋಡ್‌ಗೆ ಕೋಡ್ ಹೋಲಿಸುತ್ತದೆ, ಆಗ ರೂಲ್ ಓಡೋದೇ ಇಲ್ಲ.

ಕನ್ನಡ ಅಂಕಿಗಳದ್ದು ಇನ್ನೂ ತಮಾಷೆ. ಮೊತ್ತದಲ್ಲಿ ೧೨ ಅಂತ ಇದೆ. ಬರೀ ಅಂಕಿ ಇರಬೇಕು ಅಂತ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಅಕ್ಷರಗಳ ಮಾದರಿ ಹೇಳುವ ಬರಹ) ಬ್ಯಾಕ್‌ಸ್ಲ್ಯಾಶ್ ಡಿ ಹಾಕಿ ಪರೀಕ್ಷೆ ಮಾಡಿದ್ದೀರಿ. ಪಾಸ್! ಅದು ಯೂನಿಕೋಡ್‌ನ ಯಾವ ಲಿಪಿಯ ದಶಮಾಂಕಿಯನ್ನೂ ಒಪ್ಪುತ್ತದೆ. ಮುಂದಿನ ಸಾಲಿನಲ್ಲಿ ನಂಬರ್(ಮೊತ್ತ) ಅಂದರೆ ಎನ್‌ಎಎನ್. ಸಂಖ್ಯೆಗೆ ಬದಲಿಸುವ ಭಾಗಕ್ಕೆ 0ರಿಂದ 9 ಮಾತ್ರ ಗೊತ್ತು. ಒಂದೇ ಭಾಷೆಯ ಎರಡು ಮೂಲೆಗಳಿಗೆ ಅಂಕಿ ಅಂದರೆ ಏನು ಅಂತ ಒಮ್ಮತ ಇಲ್ಲ. ಕನ್ನಡ ಅಂಕಿ ಬೇಡ ಅಂದರೆ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ [0-9] ಅಂತಲೇ ಬರೆಯಿರಿ. ಬೇಕು ಅಂದರೆ ಹೋಲಿಸುವ ಮೊದಲು ಟ್ರಾನ್ಸ್‌ಲೇಟ್(ಮೊತ್ತ, '೦೧೨೩೪೫೬೭೮೯', '0123456789') ಮಾಡಿಕೊಳ್ಳಿ.

ಸ್ವಂತ ಚಿಕ್ಕ ಭಾಷೆ ಕಟ್ಟುವವರಿಗೆ

ಜೆಸನ್‌ಗೆ (ಡೇಟಾವನ್ನು ಕೀ ಮತ್ತು ಬೆಲೆಯ ಜೋಡಿಗಳಾಗಿ ಬರೆಯುವ ರೂಪ) ಇಂಥದ್ದೊಂದು ಮಾಡೋಣ ಅಂತ ಹೊರಟವರು ಮೊದಲು ಕೇಳೋದು ಸಿಂಟ್ಯಾಕ್ಸ್ ಹೇಗಿರಬೇಕು ಅಂತ. ಸಿಂಟ್ಯಾಕ್ಸ್ ಹೇಗೋ ಆಗುತ್ತದೆ. ಎಲ್ಲಿ ನಿಲ್ಲಬೇಕು, ಏನು ನಿಜ ಇರಬೇಕು, ಇಲ್ಲದಿದ್ದರೆ ಏನು ಹೇಳಬೇಕು, ಈ ಮೂರು ಇದ್ದರೆ ಭಾಷೆ ಆಯಿತು. ತಲೆ ಕೆಡಿಸಿಕೊಳ್ಳಬೇಕಾದ್ದು ಮೌನದ ಬಗ್ಗೆ. ಪ್ರತಿ ರೂಲ್ ಎಷ್ಟು ನೋಡ್‌ಗಳ ಮೇಲೆ ಓಡಿತು ಅಂತ ರಿಪೋರ್ಟ್‌ನ ಕೊನೆಯಲ್ಲಿ ಕೇಳದೆಯೇ ತೋರಿಸಿ. ಸೊನ್ನೆ ಬಂದ ರೂಲ್‌ಗಳನ್ನು ಬೇರೆ ಬಣ್ಣದಲ್ಲಿ ತೋರಿಸಿ. ಇದೊಂದು ಇದ್ದರೆ ಈ ಬರಹದ ಅರ್ಧ ಭಾಗ ಬೇಕಾಗೋದಿಲ್ಲ. ಮೊದಲು ಹೊಂದಿದ ರೂಲ್ ಮಾತ್ರ ಓಡಲಿ ಅಂತ ಇಟ್ಟುಕೊಂಡರೆ, ಹೊಂದಿಯೂ ಓಡದೆ ಉಳಿದವನ್ನೂ ಹೆಸರಿಸಿ.

ಹೋಲಿಕೆ ಎರವಲು ತರುವಾಗ ಇಲ್ಲದ ಬೆಲೆಗೆ ಏನಾಗುತ್ತದೆ ಅಂತ ಓದಿ ನೋಡಿ. ಜೆಸನ್‌ಗೆ ಎಕ್ಸ್‌ಪಾತ್ ಥರ ಇರುವ ಜೆಸನ್‌ಪಾತ್ 2024ರಲ್ಲಿ ಆರ್‌ಎಫ್‌ಸಿ 9535 ಅನ್ನೋ ಅಧಿಕೃತ ದಾಖಲೆ ಆಯಿತು. ಅದರಲ್ಲಿ ಇಲ್ಲದ ಕೀ ಮೇಲೆ != ಹಾಕಿದರೆ ನಿಜ ಬರುತ್ತದೆ, ಎಕ್ಸ್‌ಪಾತ್‌ಗೆ ಪೂರ್ತಿ ಉಲ್ಟಾ. ಒಂದರಿಂದ ಇನ್ನೊಂದಕ್ಕೆ ರೂಲ್‌ಗಳನ್ನು ಹಾಗೇ ನಕಲು ಮಾಡಿದರೆ ಸದ್ದಿಲ್ಲದೆ ಅರ್ಥ ಬದಲಾಗುತ್ತದೆ. ಇನ್ನೊಂದು ವಿಷಯದಲ್ಲಿ ಅದು ಬುದ್ಧಿವಂತಿಕೆ ತೋರಿಸಿದೆ: ಹಲವು ಬೆಲೆ ಕೊಡಬಹುದಾದ ಪಾತ್ ಅನ್ನು ಹೋಲಿಕೆಯ ಒಳಗೆ ಬರೆಯೋಕೇ ಬಿಡೋದಿಲ್ಲ. 'ಯಾವುದಾದರೂ ಒಂದು' ಅನ್ನೋ ಗುಂಡಿಯೇ ಅಲ್ಲಿಲ್ಲ. ಆದರೆ ಅದರಲ್ಲಿ ಸಮ್ ಇಲ್ಲ, ಬಿಲ್‌ನ ಒಟ್ಟನ್ನು ಪರೀಕ್ಷೆ ಮಾಡೋಕೆ ಬೇರೇನಾದರೂ ಸೇರಿಸಲೇಬೇಕು.

ಯಾವ ಭಾಷೆಯೇ ಇರಲಿ, ಪ್ರತಿ ರೂಲ್ ಜೊತೆಗೆ ಎರಡು ಪುಟ್ಟ ಫೈಲ್ ಇಡಿ: ಅದು ಹಿಡಿಯಲೇಬೇಕಾದ ತಪ್ಪು ಡಾಕ್ಯುಮೆಂಟ್ ಒಂದು, ಸುಮ್ಮನೆ ಬಿಡಬೇಕಾದ ಸರಿಯಾದದ್ದು ಒಂದು. ಸ್ಕೀಮಾ ತಿದ್ದಿದಾಗಲೆಲ್ಲ ಎಲ್ಲವನ್ನೂ ಓಡಿಸಿ. ತಪ್ಪು ಫೈಲ್ ಪಾಸಾದರೆ ಫೈರ್ಡ್-ರೂಲ್ ಪಟ್ಟಿಯಿಂದ ಶುರು ಮಾಡಿ. ಸರಿಯಾದದ್ದು ಫೇಲಾದರೆ ಮೊದಲು ಮೆಸೇಜ್‌ನಲ್ಲಿ ಬೆಲೆ ಮತ್ತು ಅದರ ಉದ್ದ ತೋರಿಸಿ, ಆಮೇಲೆ ಟೆಸ್ಟ್ ತಿದ್ದಿ.